ಕರಜಗಿ ಬಸ್ಸಿನವರೆಲ್ಲ ಬರೆದ ಇಂಗ್ಲಿಷ್ ಪೇಪರು

ಬೇರೆಯವರಿಗೆ ವರ್ಷಕ್ಕೊಮ್ಮೆ ಆಗುವ ಫಜೀತಿ ನನಗೆ ವಾರಕ್ಕೊಮ್ಮೆ ಆಗುತ್ತದೆ. ಎಂಬತ್ತರ ದಶಕದಲ್ಲಿ ಅಫಜಲಪುರದ ಕಾಲೇಜಿನಲ್ಲಿ ಬಿ.ಎ. ಓದುವಾಗಂತೂ ದಿನಕ್ಕೆರಡು. ಉಳಿದವರು ಮೂರು ವರ್ಷದಲ್ಲಿ ಮುಗಿಸಿ ಓಡಿದರು. ನಾನು ಕಾಲೇಜಿನ ಮೇಲಿನ ಪ್ರೀತಿಯಿಂದ ನಾಲ್ಕಕ್ಕೆ ಎಳೆದೆ. ಇಂಗ್ಲಿಷ್ ಪೇಪರಿಗೆ ಎರಡು ಸಲ ಅವಕಾಶ ಕೊಟ್ಟರೂ ಅದು ನನ್ನನ್ನು ಪಾಸು ಮಾಡಲಿಲ್ಲ. ಅಪ್ಪ ಕಡೇ ಮಾತು ಹೇಳಿಬಿಟ್ಟ: "ಈ ಸಲಾನೂ ನಪಾಸಾದ್ರ ಓದು ಬಂದ್. ಕರಜಗಿಗೆ ಬಂದು ಕಬ್ಬಿಗೆ ನೀರು ಬಿಡು."

ಸಣ್ಣ ಊರಲ್ಲಿ ಓದುವುದರ ಲಾಭ ಒಂದೇ, ಊರಿಗೆ ಊರೇ ನಿಮ್ಮನ್ನು ಬಲ್ಲದು. ನಷ್ಟವೂ ಅದೇ.

ಬುತ್ತಿಯ ಜೊತೆ ಬಂದ ಮಾತು

ದಿನಾ ಮುಂಜಾನೆ ಕರಜಗಿ ಬಸ್ಸಿನಲ್ಲಿ ಅವ್ವ ಅಫಜಲಪುರದ ಬಾಡಿಗೆ ಖೋಲಿಯಲ್ಲಿದ್ದ ನನಗೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಕಟ್ಟಿ ಕಳಿಸುತ್ತಿದ್ದಳು. ಅವ್ವನಿಗೆ ಬರೆಯಲು ಬಾರದು. ಹೇಳಬೇಕಾದ್ದನ್ನೆಲ್ಲ ಕಂಡಕ್ಟರ್‌ಗೆ ಹೇಳಿ ಕಳಿಸುವಳು. ಆತ ಬಸ್ಸಿನ ಬಾಗಿಲಲ್ಲಿ ನಿಂತು, ಕಾಲೇಜು ಹುಡುಗಿಯರೆಲ್ಲ ಇಳಿಯುವ ಹೊತ್ತಿಗೇ ಒದರುವನು: "ತಮ್ಮಾ, ನಿಮ್ಮವ್ವ ಹೇಳ್ಯಾಳ, ಬನಿಯನ್ ವಾರಕ್ಕ ಎರಡು ಸಲ ಒಗೀಬೇಕಂತ!"

ಮಾನ ಉಳಿಸಿಕೊಳ್ಳಲು ನಾನೂ ಗಟ್ಟಿಯಾಗಿ ಹೇಳಿದೆ: "ಹಗಲೂ ರಾತ್ರಿ ಓದಾಕತ್ತಾನ ಅಂತ ಅವ್ವಗ ಹೇಳ್ರಿ."

"ನಾ ಸರಕಾರಿ ನೌಕರ. ಅಂಥ ಸುಳ್ಳು ನೀನೇ ಬಂದು ಹೇಳು."

ಪ್ರಿನ್ಸಿಪಾಲರು ಕಂಡ ಪಿಕ್ಚರು

ಊರಿಗೆ ಟೆಂಟ್ ಸಿನಿಮಾ ಬಂತು. ಕ್ಲಾಸು ತಪ್ಪಿಸಿ ಹೋದರೆ ಗೇಟಿನವನೇ ತಡೆದ. "ನಿಮ್ಮ ಪ್ರಿನ್ಸಿಪಾಲರು ಒಳಗ ಅದಾರ. ನಾಳಿ ಬರ್ರಿ." ಮರುದಿನವೂ ಅದೇ ಮಾತು. ಮೂರನೆಯ ದಿನ ಕೇಳಿದೆ, "ಅಲ್ರೀ, ದಿನಾ ಅದೇ ಪಿಕ್ಚರ್ ನೋಡ್ತಾರೇನು?"

"ನೀವು ಬರ್ತೀರೇನಂತ ನೋಡಾಕ ಬರ್ತಾರ್ರಿ."

ಟೆಂಟು ಎತ್ತುವ ತನಕ ಪ್ರಿನ್ಸಿಪಾಲರು ಒಂದು ಆಟವನ್ನೂ ಬಿಡಲಿಲ್ಲ. ಆ ವರ್ಷ ನಮಗಾರಿಗೂ ಆ ಪಿಕ್ಚರಿನ ಕಥೆ ಗೊತ್ತಿರಲಿಲ್ಲ. ಇತಿಹಾಸದ ಪಾಠದ ನಡುವೆ ಅದರ ಹಾಡು ಗುನುಗುತ್ತಿದ್ದವರು ಅವರೊಬ್ಬರೇ.

ಗಟ್ಟಿಯಾಗಿ ಓದುವ ಕರಾರು

ನಾನೂ ಜೇವರ್ಗಿಯ ಗೆಳೆಯನೊಬ್ಬನೂ ಇದ್ದ ಖೋಲಿಯ ಮಾಲಕಿ ಒಬ್ಬ ಅಜ್ಜಿ. ಆಕೆಯ ಕರಾರು ಒಂದೇ: ಓದುವುದು ಅಡುಗೆಮನೆಗೆ ಕೇಳಿಸಬೇಕು. ನಾವು ಜಾಣರು, ದಿನಾ ಒಂದೇ ಪುಟ ಒದರುತ್ತಿದ್ದೆವು. ನಾಲ್ಕನೆಯ ದಿನ ಒಳಗಿಂದ ದನಿ ಬಂತು: "ಬೇಡಿಕಿ ಏರಿದ್ರ ಬೆಲಿ ಏರ್ತದ, ತಿಳೀತು. ಹಾಳಿ ತಿರುವ್ರಿ!"

ವರ್ಷದ ಕೊನೆಗೆ ನಮಗೆ ಅರ್ಥಶಾಸ್ತ್ರದಲ್ಲಿ ಸಂಶಯ ಬಂದರೆ ಅಡುಗೆಮನೆಗೆ ಹೋಗಿ ಕೇಳುತ್ತಿದ್ದೆವು.

ಮೂರನೆಯ ಸಲ

ಇಂಗ್ಲಿಷ್ ಪೇಪರಿನ ದಿನ ನನ್ನಂಥ ಧೈರ್ಯಶಾಲಿಗೂ ಕಬ್ಬಿಗೆ ನೀರು ಬಿಡುವುದೇ ವಾಸಿ ಅನಿಸಿತು. ಬುತ್ತಿ ಇಸಿದುಕೊಂಡವನೇ ಕಾಲೇಜಿಗೆ ಹೋಗುವ ಬದಲು, ಮುಖಕ್ಕೆ ಟವೆಲ್ ಸುತ್ತಿ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತೆ. ಊರು ದಾಟಿದ ಮೇಲೆ ಕಂಡಕ್ಟರ್ ಬಂದು ಟವೆಲ್ ಎತ್ತಿದ.

"ಲೇ! ಪೇಪರ್ ಅದ ಅಂತ ನಿಮ್ಮವ್ವ ಶೇಂಗಾ ಹೋಳಿಗಿ ಕಳಿಸ್ಯಾಳ. ನೀ ಅದನ್ನ ಹೊತ್ಕೊಂಡು ಆಕಿ ಕಡೀಗೇ ಹೊಂಟೀಯೇನು?"

ಸೀಟಿ ಊದಿದ. ಬಸ್ಸು ನಿಂತಿತು. ಬಸ್ಸು ನಿಲ್ಲಿಸಿದ್ದಕ್ಕೆ ಮಂದಿ ಕಂಡಕ್ಟರ್‌ನನ್ನು ಬೈಯುತ್ತಾರೆಂದುಕೊಂಡೆ. ಬೈದರು ಕೂಡ, ಆದರೆ ನನ್ನನ್ನು. ಮೇಕೆ ಹಿಡಿದು ಕೂತಿದ್ದ ಕಾಕಾ ಎದ್ದುನಿಂತ: "ಬಸ್ ತಿರುವ್ರಿ ಡ್ರೈವರ್ ಸಾಹೇಬ್ರ! ನನ್ನ ಮ್ಯಾಕಿಗೇನು ಅವಸರ ಇಲ್ಲ."

ಬಸ್ಸು ಸೀದಾ ಕಾಲೇಜಿನ ಅಂಗಳಕ್ಕೆ ಬಂತು. ಐವತ್ತು ಮಂದಿ ನನ್ನನ್ನು ಪರೀಕ್ಷಾ ಕೊಠಡಿಯ ಬಾಗಿಲ ತನಕ ನೂಕಿ, ಹೊರಗಿನ ಬೇವಿನ ಗಿಡದ ಕೆಳಗೆ ಕೂತರು. ಅರ್ಧ ತಾಸಿನಲ್ಲಿ ನನ್ನ ಇಂಗ್ಲಿಷ್ ಮುಗಿಯಿತು. ಪೇಪರ್ ಕೊಡಲು ಎದ್ದೆ. ಕಿಟಕಿಯಿಂದ ಕಾಕಾನ ದನಿ: "ಕುಂದ್ರಲೇ! ಬರಿ!"

ಮೇಲ್ವಿಚಾರಕರು ಬೆಚ್ಚಿದರು. "ಯಾರಪ್ಪಾ ಅವರು?"

"ನಮ್ಮ ಬಸ್ಸಿನವರು ಸರ್."

ಅವರು ಕಿಟಕಿಯಲ್ಲಿ ಇಣುಕಿದರು. ಕಂಡಕ್ಟರ್ ಕೈಕಟ್ಟಿ ನಿಂತಿದ್ದ. ಮೇಲ್ವಿಚಾರಕರು ನನ್ನತ್ತ ತಿರುಗಿದರು: "ಹಂಗಾದ್ರ ಕೂತೇ ಬಿಡು. ನಿನ್ನ ಹೊರಗ ಬಿಟ್ರ ಅವರು ನನ್ನ ಬಿಡಂಗಿಲ್ಲ."

ಮೂರು ತಾಸು ಕೂತೆ. ಗೊತ್ತಿದ್ದದ್ದು ಬರೆದೆ. ಗೊತ್ತಿಲ್ಲದ್ದನ್ನು ಇನ್ನೂ ವಿಸ್ತಾರವಾಗಿ ಬರೆದೆ.

ಫಲಿತಾಂಶ ಬಂತು. ಪಾಸಿಗೆ ಬೇಕಾದಷ್ಟೇ ಅಂಕ, ಒಂದೂ ಹೆಚ್ಚಿಲ್ಲ. ನನಗೆ ದುರಾಸೆಯಿಲ್ಲ. ಆ ದಿನ ನನ್ನನ್ನು ಊರಿಗೆ ಕರೆದೊಯ್ದ ಕಂಡಕ್ಟರ್ ಪ್ರತಿ ಸ್ಟಾಪಿನಲ್ಲೂ ತಲೆ ಹೊರಹಾಕಿ ಕೂಗಿದ, "ನಾವು ಪಾಸಾದ್ವಿ!"

ಕರಜಗಿಯಲ್ಲಿ ಅಪ್ಪ ಸಲಿಕೆ ಹಿಡಿದು ಬಸ್ಸಿಗೇ ಕಾಯುತ್ತಿದ್ದ. "ನಾವು ಅಂದ್ರ ಯಾರ್ಯಾರ್ರೀ?"

ಕಂಡಕ್ಟರ್ ಬೆರಳು ಮಡಿಚಿ ಎಣಿಸಿದ: "ನಾನು, ಡ್ರೈವರು, ಮ್ಯಾಕಿ ಕಾಕಾ, ಉಳಿದ ಪ್ಯಾಸೆಂಜರ್ ಮಂದಿ..." ಆಮೇಲೆ ನನ್ನ ಕಡೆ ನೋಡಿ, "ಹಾಂ, ನಿಮ್ಮ ಮಗಾನೂ ಅದಾನ್ರಿ ನಮ್ಮ ಜೊತಿಗೆ."