ಜಪಾನ್ ನೋಡಿ ಬಂದ ಶೂ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ, ಹಾಲು ತರುವ ಕೆಲಸ ಇನ್ನು ಯಾರದ್ದು ಎಂಬುದು ತೀರ್ಮಾನವಾಗದೆ, ಕಲ್ಯಾಣಿಯೂ ಅವಳ ಅತ್ತೆ ಗಂಗುಲಮ್ಮನೂ ಕರಿ ಕಾಫಿ ಕುಡಿಯುತ್ತಾ ಕುಳಿತಿದ್ದರು. ಗೇಟಿನ ಚಿಲಕ ಸದ್ದಾಯಿತು. ಪಕ್ಕದ ಮನೆಯ ಅನಸೂಯಮ್ಮ ಹಾಲಿನ ಪಾತ್ರೆ ಹಿಡಿದು ಬಂದಿದ್ದರು. ಪಾತ್ರೆಯ ಜೊತೆಗೆ ಒಂದು ಮಾತೂ ಇತ್ತು. ಹಾಲು ಕಾಯುವವರೆಗೆ ಅದನ್ನು ತಡೆದುಕೊಂಡರು.

"ಕೇಳಬಾರದು ಕಣಮ್ಮ. ನೆಂಟ್ರೆಲ್ಲ ಹೋಗ್ಲಿ ಅಂತ ಕಾದೆ. ಸಿದ್ಧಾರ್ಥ ಜಪಾನಿಗೆ ಹಾಕ್ಕೊಂಡು ಹೋಗಿದ್ನಲ್ಲ, ನಮ್ಮೋರ ಶೂ, ಅದು ಬೇಕಿತ್ತು. ಶುಗರ್ ಜಾಸ್ತಿಯಾಗಿ ಡಾಕ್ಟ್ರು ಬೈದು ಕಳಿಸಿದಾರೆ. ನಾಳೆಯಿಂದ ಕಂದವಾರ ಕೆರೆ ಸುತ್ತ ನಡೆಸ್ತೀನಿ. ಸಾಯಂಕಾಲ ಕೊಟ್ರೆ ಸಾಕು."

ಕಲ್ಯಾಣಿ ಒಲೆಯ ಕಡೆ ತಿರುಗಿಕೊಂಡಳು. ಮನೆಯಲ್ಲಿ ಆ ಶೂ ಇರಲಿಲ್ಲ.

ಅವಳ ಗಂಡ ಸಿದ್ಧಾರ್ಥ್ ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಏಪ್ರಿಲ್ ಮೊದಲಿಗೆ ಬುದ್ಧ ವಿಹಾರದ ಗೆಳೆಯರ ಜೊತೆ ಕ್ಯೋಟೋ, ನಾರಾ, ಸಿಯೋಲ್ ಸುತ್ತಲು ಹೋಗಿದ್ದ. ಬುದ್ಧನ ಗುಡಿಗಳನ್ನೂ ಹೂಬಿಟ್ಟ ಮರಗಳನ್ನೂ ನಡೆದುಕೊಂಡೇ ನೋಡಬೇಕೆಂಬ ಹಟ. ಅನಸೂಯಮ್ಮನ ಗಂಡ ಮೋಹನ್‌ಬಾಬು ಅವರ ಬೂದು ಬಣ್ಣದ, ಕಿತ್ತಳೆ ಗೆರೆಯ ವಾಕಿಂಗ್ ಶೂ ಅವನ ಕಾಲಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ಹೆಂಡತಿ ಕೊಡಿಸಿದ ಆ ಶೂವನ್ನು ಮೋಹನ್‌ಬಾಬು ಪೆಟ್ಟಿಗೆಯಿಂದ ಆಚೆ ತೆಗೆದಿದ್ದೇ ಕಡಿಮೆ. ಆಮೇಲೆ ಅನಸೂಯಮ್ಮ, ತಮ್ಮ ಮನೆಯ ಶೂ ಜಪಾನ್ ನೋಡಿ ಬಂತು ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು.

ಶೂ ಜಪಾನ್ ನೋಡಿದ್ದು ನಿಜ. ಬಂದಿದ್ದು ಮಾತ್ರ ಸುಳ್ಳು. ಕ್ಯೋಟೋದ ಒಂದು ಗುಡಿಯ ಮುಂದೆ ನಿಂತು ಅವನು ವಿಡಿಯೋ ಕಾಲ್ ಮಾಡಿದ್ದ. ಇಲ್ಲಿ ಗುಡಿಗೆ ಹೋಗುವವರು ಶೂ ಬಿಟ್ಟು, ಅದರ ಮೂತಿ ಹೊರಗಡೆಗೆ ತಿರುಗಿಸಿ ಇಡುತ್ತಾರೆ, ವಾಪಸ್ ಹೊರಡುವಾಗ ಸುಲಭವಾಗಲಿ ಎಂದು ತೋರಿಸಿದ್ದ. ಅದೇ ದಿನ ಇನ್ನೊಮ್ಮೆ ಕರೆ ಮಾಡಿದಾಗ ಬರೀ ಕಾಲುಚೀಲದಲ್ಲಿ ಕಾಲುವೆಯ ಪಕ್ಕ ನಡೆಯುತ್ತಿದ್ದ. ಕಾಲುಚೀಲದ ತುಂಬ ಹೂವಿನೆಸಳು. ಶೂ ಯಾರೋ ತಪ್ಪಿ ಹಾಕಿಕೊಂಡು ಹೋದರಂತೆ. "ಯಾರ್ಗೂ ಹೇಳಬೇಡ ಕಣೇ, ಬಂದ್ಮೇಲೆ ನಾನೇ ನೋಡ್ಕೋತೀನಿ" ಎಂದಿದ್ದ.

ನೋಡಿಕೊಳ್ಳುವ ಮೊದಲೇ ಒಂದು ಬೆಳಗ್ಗೆ ಹಾಲು ತರಲು ಹೋದವನು ಡೈರಿಯ ಮೆಟ್ಟಿಲ ಮೇಲೆ ಕುಳಿತ. ಏಳಲಿಲ್ಲ.

"ಈಗ್ಲೇ ಕೊಟ್ಬಿಡಮ್ಮ," ಎಂದರು ಗಂಗುಲಮ್ಮ. "ನನ್ ಮಗ ಇನ್ನೊಬ್ರ ಸಾಮಾನು ಇಟ್ಕೊಂಡು ಹೋದ ಅನ್ನಿಸ್ಕೋಬಾರ್ದು."

ಅತ್ತೆಗೂ ವಿಷಯ ಗೊತ್ತಿರಲಿಲ್ಲ. ಶೂ ಕಳೆದುಹೋಗಿದೆ ಎಂದು ಇವತ್ತು ಹೇಳಿದರೆ ಸಂಜೆಗೆ ಬೀದಿಯೆಲ್ಲ ಹೇಳುತ್ತದೆ: ಕಳೆದ, ಹೇಳಲಿಲ್ಲ, ಹೋದ. ಉತ್ತರ ಕೊಡಲು ಅವನಿಲ್ಲ.

"ಒರೆಸಿ ಸಾಯಂಕಾಲ ಕೊಡ್ತೀನಿ," ಎಂದಳು ಕಲ್ಯಾಣಿ.

ಬಜಾರ್ ರಸ್ತೆಯ ಶೂ ಅಂಗಡಿಯವನು ಅವಳ ಫೋನಿನಲ್ಲಿದ್ದ ಫೋಟೋವನ್ನು ಹಿಗ್ಗಿಸಿ ನೋಡಿದ. ನಾರಾದ ಪಾರ್ಕಿನಲ್ಲಿ ಜಿಂಕೆಗಳು ಸಿದ್ಧಾರ್ಥನ ಅಂಗಿ ಎಳೆಯುತ್ತಿದ್ದ ಫೋಟೋ ಅದು. ಜಿಂಕೆ ನೋಡಿ ನಕ್ಕ, ಕಾಲು ನೋಡಿ, ಇದು ರಬ್ಬರ್ ಚಪ್ಪಲಿಯಲ್ಲವೇ ಎಂದ. ಅವಳು ಅದಕ್ಕೂ ಹಿಂದಿನ ಫೋಟೋ ಹುಡುಕಿ ತೋರಿಸಿದಳು. ಆ ಮಾಡೆಲ್ ನಿಂತುಹೋಗಿದೆ, ಚಿಂತಾಮಣಿಯಲ್ಲಿ ಬಸ್ ಸ್ಟ್ಯಾಂಡಿನ ಎದುರಿಗಿರುವ ಅಂಗಡಿಯಲ್ಲಿ ಹಳೆಯ ಮಾಲು ಇರಬಹುದು ಎಂದ.

ಬಸ್ ನಿಲ್ದಾಣದಲ್ಲಿ ಎದುರುಮನೆಯ ವೆಂಕಟರತ್ನಮ್ಮ ಸಿಕ್ಕಿಬಿದ್ದರು. ನಿಜವಾಗಿ ಸಿಕ್ಕಿಬಿದ್ದವಳು ಕಲ್ಯಾಣಿ. ಮಣ್ಣು ಮಾಡಿ ಇನ್ನೂ ತಿಂಗಳಾಗಿಲ್ಲ, ಒಬ್ಬಳೇ ಎಲ್ಲಿಗೆ ಎಂಬ ಪ್ರಶ್ನೆಗೆ ಬಾಯಿಗೆ ಬಂದದ್ದು ಹೇಳಿದಳು: ಕೈವಾರದ ದೇವಸ್ಥಾನಕ್ಕೆ.

"ಅಯ್ಯೋ ಪಾಪಂ," ಎಂದರು ವೆಂಕಟರತ್ನಮ್ಮ. "ಗುಡಿ ಕಡೆ ತಲೇನೂ ಹಾಕದೋಳು ನೀನು. ದುಃಖ ಏನೇನು ಮಾಡ್ಸುತ್ತೆ ನೋಡು. ನಡಿಯಮ್ಮ, ನಂದೂ ಒಂದು ಹರಕೆ ಬಾಕಿ ಇದೆ."

ಶಿಡ್ಲಘಟ್ಟ ದಾಟುವವರೆಗೆ ವೆಂಕಟರತ್ನಮ್ಮ ತಮ್ಮ ಗಂಡ ತೀರಿಹೋದ ಕತೆ ಹೇಳಿದರು. ದಾಟಿದ ಮೇಲೆ ಮೈದುನನದ್ದು. ಕಲ್ಯಾಣಿ ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳನ್ನು ನೋಡುತ್ತಿದ್ದಳು. ಸಿಯೋಲಿನಲ್ಲಿ ಅರಮನೆಯ ಹಿಂದಿನ ಕೊಳದ ಸುತ್ತ ಅವನು ಎರಡು ಸುತ್ತು ಹಾಕಿದ್ದನಂತೆ, ಒಂದು ತನಗೆ, ಇನ್ನೊಂದು ಅವಳಿಗೆ. ಆ ರಬ್ಬರ್ ಚಪ್ಪಲಿಯಲ್ಲಿ ಹೆಬ್ಬೆರಳ ಸಂದಿಗೆ ಬೊಬ್ಬೆ ಎದ್ದಿತ್ತು. ಚಿಂತಾಮಣಿಯಲ್ಲಿ ಇಳಿದಾಗ ಎದುರಿಗೇ ಶೂ ಅಂಗಡಿ ಕಂಡಿತು. ಅವಳು ಆ ಕಡೆ ಒಂದು ಹೆಜ್ಜೆ ಇಡುವಷ್ಟರಲ್ಲಿ ವೆಂಕಟರತ್ನಮ್ಮ, ಕರುವಿನ ಹಗ್ಗ ಹಿಡಿದವರ ಹಾಗೆ ಅವಳ ಸೆರಗು ಹಿಡಿದು ಕೈವಾರದ ಬಸ್ಸಿಗೆ ಹತ್ತಿಸಿದರು.

ದೇವಸ್ಥಾನದ ಬಾಗಿಲಲ್ಲಿ ಇನ್ನೊಂದು ತೊಡಕು. ಸಾವಾದ ಮನೆಯವರು ವರ್ಷ ತುಂಬುವವರೆಗೆ ಒಳಗೆ ಬರಬಾರದು ಎಂಬುದು ವೆಂಕಟರತ್ನಮ್ಮನಿಗೆ ಆಗ ನೆನಪಾಯಿತು. "ಇಲ್ಲೇ ಕೈ ಮುಗ್ದು ನಿಂತ್ಕೋ. ಹಾಗೇ ನನ್ನ ಚಪ್ಪಲೀನೂ ನೋಡ್ಕೋ, ಹೊಸದು," ಎಂದು ಹೇಳಿ ಒಳಗೆ ಹೋದರು.

ಎಂ.ಎ. ಓದಿದ ಕಲ್ಯಾಣಿ ಚಪ್ಪಲಿಗಳ ಕಾವಲಿಗೆ ನಿಂತಳು. ಸಂಜೆಯ ಹೊತ್ತು ಹತ್ತಿರವಾಗುತ್ತಿತ್ತು. ಕಣ್ಣು ಕೆಳಗೆ ಹೋಯಿತು. ದಾರಿಯ ನಟ್ಟನಡುವೆ, ಯಾರೂ ಎಡವದೆ ಹೋಗಲಾಗದಂತಹ ಜಾಗದಲ್ಲಿ, ಬೂದು ಬಣ್ಣದ ಒಂದು ಜೊತೆ ಶೂ. ಕಿತ್ತಳೆ ಗೆರೆ. ಬಗ್ಗಿ ಶೂವಿನ ನಾಲಿಗೆ ಮಗುಚಿ ನೋಡಿದಳು. ಅದೇ ಅಳತೆ.

ಕೈಯಲ್ಲಿ ಬಟ್ಟೆಯ ಚೀಲವಿತ್ತು. ಸುತ್ತ ಯಾರೂ ಇರಲಿಲ್ಲ. ಕಳೆದದ್ದನ್ನು ಮುಚ್ಚಲು ಕದಿಯುವುದೇ? ಅಷ್ಟು ಯೋಚಿಸುವ ಹೊತ್ತಿಗೆ ಶೂ ಆಗಲೇ ಅವಳ ಕೈಯಲ್ಲಿತ್ತು.

"ತಗೊಂಡ್ಯೇನಮ್ಮ?"

ಹಿಂದೆ ಪಂಚೆಯುಟ್ಟ ಮುದುಕರೊಬ್ಬರು ತೆಂಗಿನಕಾಯಿ ಹೋಳು ಹಿಡಿದು ನಿಂತಿದ್ದರು. ಇದನ್ನು ಮಾರುತ್ತೀರಾ ಎಂದು ಕಲ್ಯಾಣಿ ಹೇಗೋ ಕೇಳಿದಳು. ಮುದುಕರ ಮುಖದಲ್ಲಿ ಸಿಟ್ಟಿನ ಬದಲು ಬೆಳಕು ಬಂತು. ಅವರು ಜಂಗಮಕೋಟೆಯ ಆವಲಪ್ಪ. ಶೂ ಅಳಿಯ ಕೊಡಿಸಿದ್ದು.

"ಬೆರಳೆಲ್ಲ ಒಂದ್ರ ಮೇಲೊಂದು ಹತ್ಕೊಂಡು ಕೂತ್ಕೋತವೆ. ಬಿಸಾಕಿದ್ರೆ ಮಗಳು ಮುನಿಸ್ಕೋತಾಳೆ. ದೇವಸ್ಥಾನದಾಗೆ ಕಳ್ದು ಹೋದ್ರೆ ಪೀಡೆ ಹೋಯ್ತು ಅಂತಾರೆ, ಯಾರೂ ಏನೂ ಅನ್ನಲ್ಲ. ಅದ್ಕೇ ದಾರೀಲೇ ಬಿಟ್ಟು ಸುತ್ತು ಬತ್ತಾ ಇದೀನಿ, ಬತ್ತಾನೇ ಇದೀನಿ. ಒಬ್ಬ ಕಳ್ಳಾನೂ ಮುಟ್ಲಿಲ್ಲ ಕಣವ್ವ."

ಪಕ್ಕದ ಅಂಗಡಿಯಲ್ಲಿ ಅವಳು ಅವರಿಗೆ ಒಂದು ಜೊತೆ ರಬ್ಬರ್ ಚಪ್ಪಲಿ ಕೊಡಿಸಿದಳು. ಅದಕ್ಕಿಂತ ಹೆಚ್ಚಿಗೆ ಅವರು ಒಪ್ಪಲಿಲ್ಲ. ಬೆರಳುಗಳನ್ನು ಅಗಲಿಸಿ ಅಗಲಿಸಿ ನೋಡಿಕೊಂಡು, ಸಂತೋಷಕ್ಕೆ ತೆಂಗಿನಕಾಯಿ ಹೋಳನ್ನು ಅವಳ ಚೀಲಕ್ಕೇ ಹಾಕಿ ಹೊರಟರು.

ವೆಂಕಟರತ್ನಮ್ಮ ಬಂದಾಗ ಚೀಲ ಉಬ್ಬಿತ್ತು. ಏನದು ಎಂದರು. ಚೀಲದ ಬಾಯಲ್ಲಿ ಕಾಯಿ ಕಂಡಿತು. ಪ್ರಸಾದ ಎಂದಳು ಕಲ್ಯಾಣಿ. ಅದೇ ತಪ್ಪಾಯಿತು. ಪ್ರಸಾದವನ್ನು ಕಾಲ ಹತ್ತಿರ ಇಡಬಾರದೆಂದು ವೆಂಕಟರತ್ನಮ್ಮ ಬಸ್ಸಿನಲ್ಲಿ ಚೀಲವನ್ನು ಕಿತ್ತುಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ದಾರಿಯಲ್ಲಿ ಗುಡಿಯೊಂದು ಕಂಡಾಗಲೆಲ್ಲ ಚೀಲವನ್ನೆತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಚೀಲದ ಗಂಟು ಸಡಿಲವಾಗುತ್ತಲೇ ಇತ್ತು. ಕಲ್ಯಾಣಿ ಆ ಗಂಟನ್ನೇ ನೋಡುತ್ತಿದ್ದಳು.

"ಏನೋ ವಾಸನೆ," ಎಂದರು ವೆಂಕಟರತ್ನಮ್ಮ, ಮೂಗು ಮುದುಡಿ.

"ಕಾಯಿ ಕೆಟ್ಟಿರಬೇಕು."

"ಕೆಟ್ರೂ ಪ್ರಸಾದವೇ," ಎಂದು ಅವರು ಇನ್ನೊಮ್ಮೆ ಕಣ್ಣಿಗೊತ್ತಿಕೊಂಡರು. ಕಲ್ಯಾಣಿಗೆ ನಗು ಬಂತು. ಇದನ್ನು ಮನೆಗೆ ಹೋದ ಕೂಡಲೇ ಅವನಿಗೆ ಹೇಳಬೇಕು ಅಂದುಕೊಂಡಳು. ಆಮೇಲೆ ಶಿಡ್ಲಘಟ್ಟ ಬರುವವರೆಗೆ ಏನೂ ಅಂದುಕೊಳ್ಳಲಿಲ್ಲ.

ಬೀದಿಯ ತುದಿಯಲ್ಲಿ ಕಾಯಿಯನ್ನು ವೆಂಕಟರತ್ನಮ್ಮನಿಗೇ ಕೊಟ್ಟು, ಚೀಲ ಅವುಚಿಕೊಂಡು ಪಕ್ಕದ ಮನೆಯ ಬಾಗಿಲು ಬಡಿದಳು. ಅನಸೂಯಮ್ಮನ ಮುಖ ಅರಳಿತು. "ನೋಡ್ರೀ, ಎಷ್ಟು ಜೋಪಾನ ಮಾಡಿದಾನೆ ಹುಡುಗ. ಕೂತ್ಕೋಮ್ಮ, ಕಾಫಿ ತರ್ತೀನಿ."

ಕಲ್ಯಾಣಿಯ ಭುಜದಿಂದ ಏನೋ ಇಳಿದ ಹಾಗಾಯಿತು. ಆದರೆ ಸೋಫಾದಲ್ಲಿದ್ದ ಮೋಹನ್‌ಬಾಬು ಎದ್ದು ನಿಂತಿದ್ದರು. ಶೂವನ್ನು, ತಾವೇ ಸುಟ್ಟುಬಂದ ಹೆಣ ಬಾಗಿಲಿಗೆ ಬಂದಂತೆ ನೋಡುತ್ತಿದ್ದರು.

"ಇದೆಲ್ಲಿ ಸಿಕ್ತಮ್ಮ ನಿಂಗೆ?" ಪಿಸುಗುಟ್ಟಿದರು.

"ಮನೇಲೇ ಇತ್ತು ಸಾರ್."

"ಹೆಂಗಿರುತ್ತೆ? ಅಲ್ಲಿ ಯಾವ್ದಾದ್ರೂ ಗುಡೀಲಿ ಬಿಟ್ಟು ಬಾರಪ್ಪ, ಈ ವಾಕಿಂಗ್ ಪೀಡೆ ತೊಲಗಲಿ ಅಂತ ನಾನೇ ಅವ್ನಿಗೆ ಕೈ ಮುಗ್ದಿದ್ದೆ. ಯಾರ್ಗೂ ಹೇಳಬೇಡ, ನಿನ್ನ ಹೆಂಡ್ತಿಗೂ ಬೇಡ, ಇವಳಿಗೆ ಗೊತ್ತಾಗುತ್ತೆ ಅಂತ ಆಣೆ ಹಾಕಿಸ್ಕೊಂಡಿದ್ದೆ. ಪಾಪ, ಬಿಟ್ಟು ಫೋಟೋನೂ ಕಳಿಸಿದ್ದ." ಅಡುಗೆಮನೆಯ ಕಡೆ ಒಂದು ಕಣ್ಣಿಟ್ಟು ಫೋನ್ ತೆರೆದು ಹಿಡಿದರು.

ಮರದ ಹಲಗೆಯ ಮೇಲೆ ಆ ಶೂ. ಹಿಂದೆ ತಿಳಿಗುಲಾಬಿ ಹೂವಿನ ಕೊಂಬೆ. ಅಂಚಿನಲ್ಲಿ ಕಾಲುಚೀಲದ ಒಂದು ತುದಿ. ಕೆಳಗೆ ಅವನು ಬರೆದಿದ್ದ: "ನಿಮ್ಮ ಶೂ ವಾಕಿಂಗ್ ಮುಗಿಸಿತು ಸಾರ್."

ಅವಳು ನೋಡಿರದ ಫೋಟೋ. ಅವನ ಬಗ್ಗೆ ಇನ್ನು ಹೊಸದೇನೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಳು. ಅಷ್ಟು ದೂರದಿಂದ, ನಗುತ್ತಾ, ತನಗೆ ಸುಳ್ಳು ಹೇಳಿದ್ದ. ಅವಳು ಫೋನನ್ನು ವಾಪಸ್ ಕೊಡಲು ಸ್ವಲ್ಪ ತಡ ಮಾಡಿದಳು.

ಅನಸೂಯಮ್ಮ ಕಾಫಿಯ ಜೊತೆ ತೀರ್ಮಾನವನ್ನೂ ತಂದರು. "ಇವ್ರನ್ನ ಒಬ್ರನ್ನೇ ಬಿಟ್ರೆ ಟೀ ಅಂಗಡೀಲಿ ಕೂತ್ಬಿಡ್ತಾರೆ. ನೀನೂ ಮನೇಲಿ ಕೂತು ಏನ್ ಮಾಡ್ತೀಯ? ನಾಳೆಯಿಂದ ದಿನಾ ಬೆಳಿಗ್ಗೆ ಐದೂವರೆಗೆ ಬಾಮ್ಮ. ಇವ್ರು ಮುಂದೆ, ನಾವಿಬ್ರೂ ಹಿಂದೆ. ಇಲ್ಲ ಅನ್ನಬೇಡ, ನಿಮ್ಮತ್ತೇಗೆ ಆಗ್ಲೇ ಹೇಳಿದೀನಿ."

ಮೋಹನ್‌ಬಾಬು ಮೆಲ್ಲಗೆ ಅವಳ ಕಡೆ ಬಾಗಿದರು. "ಕೆರೆ ದಾರೀಲಿ ಒಂದು ದೇವಸ್ಥಾನ ಇದೆ, ಅಲ್ವೇನಮ್ಮ?"

ಕಲ್ಯಾಣಿ ಬಗ್ಗಿ, ಗಂಡನ ಸಾಲಕ್ಕೆ ತಾನು ತಂದ ಶೂವನ್ನು ಹೊಸ್ತಿಲ ಬಳಿ ಇಟ್ಟಳು, ಮೂತಿ ಹೊರಗಡೆಗೆ ಮಾಡಿ.