ನೀರಿಗಿಳಿದ ನ್ಯಾಸ್ಟರ್ಷಿಯಂ ಕುರಿತು ಉದ್ಯಾನದ ಅಧೀಕ್ಷಕರಿಗೆ

ಕೂರಲು ಬಾರದ ಕಾರಣ ಗಿಡಮರಗಳೂ ಸದಾ ಎದ್ದು ನಿಂತೇ ಗೌರವಿಸುವ ಮಾನ್ಯ ಅಧೀಕ್ಷಕರೇ,

ಇಪ್ಪತ್ತೆರಡು ವರ್ಷಗಳಿಂದ ಈ ಉದ್ಯಾನದ ಗಿಡಗಳಿಗೆ ಹೆಸರಿನ ಫಲಕ ಬರೆಯುತ್ತಿರುವ ನಾನು, ತಮ್ಮ ಪಾಂಡಿತ್ಯಕ್ಕೆ ದೂರದಿಂದಲೇ ಕೈಮುಗಿದು ಒಂದು ಸಣ್ಣ ಅಹವಾಲನ್ನು ಎಲ್ಲರೆದುರು ತಮ್ಮ ಮುಂದಿಡುತ್ತಿದ್ದೇನೆ. ದೂರದಿಂದ ಏಕೆಂದರೆ, ನಡುವೆ ಈಗ ನೀರಿದೆ.

ಪೂರ್ವದ ಗೇಟಿನ ಬೆಂಚಿನ ಪಕ್ಕ ದುಂಡನೆಯ ಎಲೆಯ, ಕಿತ್ತಳೆ ಹೂವಿನ ಬಳ್ಳಿಯೊಂದಿದೆ. ಅದರ ಬೀಜ ಊರಿದವಳು ನನ್ನ ತಾಯಿ. ಎಂಬತ್ತೊಂದರ ವಯಸ್ಸಿನಲ್ಲಿ ಕಣ್ಣು ಮಂಜಾಗಿ, ಉಳಿದ ಬಣ್ಣಗಳೆಲ್ಲ ಕೈಬಿಟ್ಟ ಮೇಲೆ, ಅವಳಿಗೆ ಚೆನ್ನಾಗಿ ಕಾಣುವ ಬಣ್ಣ ಅದೊಂದೇ. ಫಲಕವಿಲ್ಲದ ಗಿಡ ಉದ್ಯಾನದಲ್ಲಿರಕೂಡದೆಂದು ತಾವು ಅಪ್ಪಣೆ ಮಾಡಿದಾಗ, ಬೀಜದ ಪೊಟ್ಟಣದ ಮೇಲಿದ್ದ, ಊರಿಗೆಲ್ಲ ಗೊತ್ತಿರುವ 'ನ್ಯಾಸ್ಟರ್ಷಿಯಂ' ಎಂಬ ಹೆಸರನ್ನೇ ಬರೆದೆ. ತಾವು ನೋಡದೆಯೇ ಸಹಿ ಹಾಕಿದಿರಿ, ಆಮೇಲೆ ದಪ್ಪ ಪುಸ್ತಕ ತೆರೆದಿರಿ. ಶಾಸ್ತ್ರದಲ್ಲಿ ಆ ಹೆಸರು ಹರಿಯುವ ನೀರಿನಲ್ಲಿ ಬೆಳೆಯುವ, ಬಿಳಿ ಹೂವಿನ ಬೇರೊಂದು ಸೊಪ್ಪಿನದಂತೆ; ನಮ್ಮ ಬಳ್ಳಿಯ ಶಾಸ್ತ್ರನಾಮ 'ಟ್ರೋಪಿಯೋಲಂ' ಅಂತೆ; ಎರಡರ ಎಲೆಗೂ ಒಂದೇ ಬಗೆಯ ಖಾರವಿರುವುದರಿಂದ ಹಿಂದೆ ಯಾರೋ ಹೆಸರನ್ನು ಎರವಲು ಕೊಟ್ಟು, ವಾಪಸು ಕೇಳಲು ಮರೆತರಂತೆ.

ಬೇರೆ ಯಾರಾದರೂ ಆಗಿದ್ದರೆ ಫಲಕ ಬದಲಿಸುತ್ತಿದ್ದರು. ತಾವು ಅಷ್ಟು ಸುಲಭಕ್ಕೆ ಸೋಲೊಪ್ಪುವವರಲ್ಲ. ತಮ್ಮ ಸಹಿಯಿರುವ ಫಲಕ ತಪ್ಪಾಗಲಾರದು, ಆದ್ದರಿಂದ ತಪ್ಪಿರುವುದು ಗಿಡದಲ್ಲೇ ಎಂದು ಕಂಡುಕೊಂಡು, ಅದಕ್ಕೆ ಬುದ್ಧಿ ಕಲಿಸಲು ಕಾಲುವೆ ತೋಡಿಸಿ ಮೊಣಕಾಲುದ್ದ ನೀರು ಹರಿಸಿದಿರಿ. ಬೆಂಚಿನ ಕಾಲುಗಳೂ ಮುಳುಗಿವೆ. ನಾನು ಎತ್ತಿಕೊಂಡು ಹೋಗಿ ಕೂರಿಸುವ ನನ್ನ ತಾಯಿ, "ನನ್ನ ಹೂನ ಯಾಕೋ ಮುಳುಗಿಸ್ತಿದಾರೆ? ಅದೇನು ಮಾಡ್ತೋ ಇವ್ರಿಗೆ?" ಎಂದು ದಿನವೂ ಕೇಳುತ್ತಾಳೆ. ಇನ್ನು ಉಳಿದಿರುವುದು ಮೂರೇ ಹೂವು.

ನೀರು ನಿಲ್ಲಿಸಿ ಎಂದು ಕೇಳುವಷ್ಟು ಉದ್ಧಟ ನಾನಲ್ಲ. ಬಳ್ಳಿಗೆ ಈಜು ಕಲಿಸಲು ಒಬ್ಬ ತರಬೇತುದಾರರನ್ನು ನೇಮಿಸಬೇಕು. ಕಿತ್ತಳೆ ಬಣ್ಣ ತೊರೆದು ಬಿಳಿಯಾಗುವಂತೆ ಹೂವುಗಳಿಗೆ ಲಿಖಿತ ನೋಟಿಸು ಕೊಟ್ಟು, ಉತ್ತರಿಸಲು ಹದಿನೈದು ದಿನ ಬಿಡಬೇಕು. ಅಲ್ಲಿಯವರೆಗೆ ನನ್ನ ತಾಯಿಗೊಂದು ದೋಣಿ ಮಂಜೂರು ಮಾಡಬೇಕು. ಇವೊಂದೂ ಆಗದಿದ್ದರೆ ಮಾತ್ರ, ಹೊಸ ಫಲಕಕ್ಕೊಂದು ಸಹಿ ಸಾಕು. ಬಣ್ಣ ಕಲಸಿಟ್ಟುಕೊಂಡು ಕಾಯುತ್ತಿದ್ದೇನೆ.

ಒದ್ದೆ ಕಾಲಿನ ತಮ್ಮ ವಿಶ್ವಾಸಿ,
ಫಲಕ ಬರೆಯುವವನು

ತಾ.ಕ.: ತಮ್ಮ ಕೊಠಡಿಯ ಬಾಗಿಲಿನ ಫಲಕ ಮಾಸಿದೆಯೆಂದು ಹೊಸದಾಗಿ ಬರೆಯಲು ನನ್ನ ಬಳಿಗೇ ಬಂದಿದೆ. ಎಂದಿನಂತೆ ತಾವು ನೋಡದೆಯೇ ಸಹಿ ಹಾಕುತ್ತೀರಿ. ನನಗೂ ಈಚೆಗೆ ಬರೆದದ್ದನ್ನು ತಿರುಗಿ ನೋಡುವ ಅಭ್ಯಾಸ ತಪ್ಪಿದೆ. ಅಪ್ಪಿತಪ್ಪಿ 'ಬಾತುಕೋಳಿ' ಎಂದು ಬರೆದುಬಿಟ್ಟರೂ ತಾವು ಚಿಂತಿಸಬೇಕಿಲ್ಲ, ಕಾಲುವೆ ಹೇಗೂ ಸಿದ್ಧವಿದೆ.