ಮೇಜಿನ ಕಾಲಡಿಯ ಕುರಿಗಣತಿ

ಸರಕಾರದ ಸಕಲ ಇಲಾಖೆಗಳೂ ಸಂಪುಟಸಂಪುಟವಾಗಿ ವರದಿಗಳನ್ನು ಪ್ರಸವಿಸಿ, ಅವನ್ನು ಓದುವವರು ಮಾತ್ರ ಹುಟ್ಟದೇ ಹೋದ ಆ ಮಹಾಯುಗದಲ್ಲಿ, ಹೇ ಧೂಳಿನ ಅಧಿದೇವತೆಯೇ, ವೈಜಯಂತಿಯೆಂಬ ವೀರವನಿತೆ ಏಕಾಂಗಿಯಾಗಿ ಗ್ರಂಥಾಲಯದ ಮಹಡಿಯನ್ನೇರಿದ ಕಥೆಯನ್ನು ಹೇಳುತ್ತೇನೆ. ನಡುವೆ ಸೀನು ಬಾರದಂತೆ ಕಾಪಾಡು.

ಪತಿ ಚನ್ನವೀರನನ್ನು ಮಣ್ಣು ಮಾಡಿ, ಶಿವಗಣಾರಾಧನೆ ಮುಗಿದು, ಕಟ್ಟಕಡೆಯ ನೆಂಟರೂ ಬಸ್ಸು ಹತ್ತಿದ ಮೇಲಿನ ಮೊದಲ ಸಾದಾ ಬೆಳಗು ಅದು. ಹಾಲಿನವ ಎಂದಿನಂತೆ ಒಂದು ಲೀಟರ್ ಇಟ್ಟು ಹೋಗಿದ್ದ. ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟ ವೈಜಯಂತಿಗೆ, ಅದರ ಗಿಡ್ಡ ಕಾಲಿನಡಿ ಭೂಭಾರ ಹೊತ್ತ ಆದಿಶೇಷನಂತೆ ವರುಷದಿಂದ ಮಲಗಿದ್ದ 'ಕುರಿಗಳ ಸಮೀಕ್ಷೆ' ಎಂಬ ಗ್ರಂಥ ಕಣ್ಣಿಗೆ ಬಿತ್ತು. ಓದಲೆಂದೇ ತಂದದ್ದು, ಮೇಜಿನಡಿಯ ವಾಸ ತಾತ್ಕಾಲಿಕ ಎಂದು ಕಡೆಯವರೆಗೂ ಸಾಧಿಸಿದ್ದ ಚನ್ನವೀರ. ನೆಂಟರನ್ನು ಬಸ್ಸು ಹತ್ತಿಸಿ ಬರುವಾಗ ಗ್ರಂಥಾಲಯದ ಬಾಗಿಲಲ್ಲಿ 'ಪುಸ್ತಕ ಮರಳಿಸದವರು' ಎಂಬ ಕರಿಹಲಗೆಯ ಮೇಲೆ ಅವನ ಹೆಸರನ್ನು ಅವಳು ಕಂಡಿದ್ದಳು. ಇನ್ನೊಂದು ದಿನವೂ ಆ ಹೆಸರು ಅಲ್ಲಿರಕೂಡದೆಂದು ಶಪಥಗೈದು, ಗ್ರಂಥವನ್ನು ಸೆರಗಿನಿಂದ ಒರೆಸಿ ಹೊರಟಳು.

ಮಂಡಿನೋವುಪೀಡಿತನೂ ರಬ್ಬರುಮುದ್ರಾಪಾಣಿಯೂ ಆದ ಗ್ರಂಥಪಾಲಕ ಫಕೀರಪ್ಪ ಪುಸ್ತಕದ ಬೆನ್ನು ನೋಡಿದ. ನೆಲಕ್ಕೆ ಉಜ್ಜಿ ಉಜ್ಜಿ ಕಪಾಟಿನ ಅಂಕಿ ಅಳಿಸಿಹೋಗಿತ್ತು. ಒಯ್ದವರು ಬರೆದು, ತನ್ನ ಸಹಿ ಹಾಕಿಸಿಕೊಂಡು ಹೋಗಿ ಇಟ್ಟ ಚೀಟಿ ಕಪಾಟಿನ ಖಾಲಿ ಜಾಗದಲ್ಲೇ ಇರುವುದೆಂದೂ, ಆ ಜಾಗ ಹುಡುಕಿ ಪುಸ್ತಕವಿಟ್ಟು ಚೀಟಿ ತಂದರಷ್ಟೇ ಹೆಸರು ಅಳಿಸುವೆನೆಂದೂ, ತನ್ನ ಮಂಡಿಗಳು ಮಹಡಿ ಕಂಡು ಎರಡು ವರ್ಷವಾಯಿತೆಂದೂ ನಿವೇದಿಸಿದ.

"ಎಂ.ಎ. ಮಾಡೇನ್ರಿ ನಾನು," ಎಂದು ವೀರವಾಣಿ ನುಡಿದಳು ವೈಜಯಂತಿ. "ಯೂನಿವರ್ಸಿಟಿಯ ಲಕ್ಷಗಟ್ಟಲೆ ಪುಸ್ತಕದಾಗ ಬೇಕಾದ್ದು ಹುಡುಕಿ ತಗದೇನಿ. ಒಂದು ಕುರಿ ಸಿಗೂದಿಲ್ಲೇನ್ರಿ?"

ಮೊದಲು ಪಶುಸಂಗೋಪನೆಯ ದುರ್ಗವನ್ನು ಮುತ್ತಿದಳು. ಎಮ್ಮೆಗಳ ಅಕ್ಷೌಹಿಣಿಯನ್ನು ಭೇದಿಸಿ, ಕೋಳಿಗಳ ಚಕ್ರವ್ಯೂಹ ಹೊಕ್ಕು, ಹಂದಿಗಳ ಪಂಚವಾರ್ಷಿಕ ವರದಿಗಳನ್ನು ಕೆಡವಿದಳು. ಕುರಿಗೆ ಜಾಗವಿರಲಿಲ್ಲ. ಕೃಷಿಯಲ್ಲಿ ಇಲ್ಲ, ಅರಣ್ಯದಲ್ಲಿ ಇಲ್ಲ. ಎರಡು ತಾಸಿನ ಘೋರಸಮರದ ಬಳಿಕ ತಲೆತುಂಬ ಧೂಳು ಹೊತ್ತು ಕೆಳಗಿಳಿದಳು.

"ವಿಷಯ ಹಿಡದು ಹುಡುಕಿದ್ರಿ, ಹೌದಿಲ್ಲೋ?" ಎಂದ ಫಕೀರಪ್ಪ. "ಸರಕಾರದ ಪುಸ್ತಕಕ್ಕ ಅದು ನಡಿಯೂದಿಲ್ಲರಿ ಅಕ್ಕಾರ. ಕುರಿ ಎಲ್ಲೈತಿ ಅಂತ ಕೇಳಬ್ಯಾಡ್ರಿ. ಕುರಿ ಎಣಿಸಿದವರು ಯಾರು ಅಂತ ಕೇಳ್ರಿ."

ವರುಷದಲ್ಲಿ ಮೊದಲ ಬಾರಿಗೆ ಆ ಗ್ರಂಥದ ಮೊದಲ ಪುಟ ತೆರೆಯಿತು. ಪ್ರಕಟಣೆ: ಜವಳಿ ಇಲಾಖೆ. ಸರಕಾರ ಎಣಿಸಿದ್ದು ಉಣ್ಣೆಯನ್ನು. ಕುರಿ ಅದರ ಕೆಳಗೆ ಇತ್ತು, ಅಷ್ಟೇ.

ಜವಳಿಯ ಕಪಾಟಿನಲ್ಲಿ, ಕಂಬಳಿ ವರದಿಯ ಪಕ್ಕ, ಒಂದು ಪುಸ್ತಕದಗಲ ಕತ್ತಲೆ. ಅದರೊಳಗೆ ಚೀಟಿ. ಹೆಸರು, ತಾರೀಖು, ಎಡಕ್ಕೆ ವಾಲುವ ಅವನ ಅಕ್ಷರ. 'ಉದ್ದೇಶ' ಎಂಬಲ್ಲಿ ಬರೆದಿದ್ದ: ಮೇಜು ಅಲುಗಾಡುತ್ತದೆ. ಹೆಂಡತಿಯೆದುರು ಒಂದು ವರುಷ ಒಪ್ಪದ ಸತ್ಯವನ್ನು ಸರಕಾರಕ್ಕೆ ಲಿಖಿತವಾಗಿ ಕೊಟ್ಟಿದ್ದ. ಕೆಳಗೆ ಫಕೀರಪ್ಪನ ಸಹಿ, ಮುದ್ರೆ.

ವೀರವನಿತೆ ಏಣಿಯ ಮೇಲೆಯೇ ಚೀಟಿಯ ಧೂಳನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಪುಸ್ತಕವನ್ನು ಅದರ ಜಾಗಕ್ಕೆ ತಳ್ಳಿದಳು.

ಕೆಳಗೆ, ತಾನೇ ಸಹಿ ಮಾಡಿದ್ದ ಚೀಟಿಯನ್ನು ಫಕೀರಪ್ಪ ಆಗಷ್ಟೇ ಮೊದಲ ಸಲ ಓದಿದ. ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿ ಹಲಗೆ ಒರೆಸಿದ. ತಿರುಗಿ ಬಂದು, ಇನ್ನು ಮೇಜಿಗೆ ಏನು ಮಾಡುತ್ತೀರೆಂದು ಕೇಳಿದ.

"ಅಲುಗಾಡ್ಲಿ ಬಿಡ್ರಿ," ಎಂದಳು ವೈಜಯಂತಿ.